‘ತರಂಗಾಂತರ ಹಂಚಿಕೆ’ ಅಂದರೆ ಕೊಡುವುದೋ, ಕೂಡಿ ಬಳಸುವುದೋ?

ಎಲ್ಲರಿಗೂ ನಮಸ್ಕಾರ.

ತುರ್ತು ಸಮಯದ ವೈರ್‌ಲೆಸ್ ಸಂಪರ್ಕದ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಒಂದು ಪದ ಬಿಡದೆ ಕಾಡುತ್ತಿದೆ. ಸ್ಪೆಕ್ಟ್ರಮ್ ಶೇರಿಂಗ್‌ಗೆ ಕನ್ನಡದಲ್ಲಿ ಏನನ್ನೋಣ?

‘ತರಂಗಾಂತರ ಹಂಚಿಕೆ’ ಅಂತ ಬರೆದರೆ ಪತ್ರಿಕೆಗಳ ‘2ಜಿ ತರಂಗಾಂತರ ಹಂಚಿಕೆ’ ನೆನಪಾಗುತ್ತದೆ. ಅಲ್ಲಿ ಹಂಚಿಕೆ ಅಂದರೆ ಸರ್ಕಾರ ಕಂಪನಿಗಳಿಗೆ ಪಾಲು ಮಾಡಿ ಕೊಡುವುದು. ನನಗೆ ಬೇಕಾದ ಅರ್ಥವೇ ಬೇರೆ. ಒಬ್ಬರ ಪಾಲಿನ ತರಂಗಾಂತರ ಖಾಲಿ ಇದ್ದಾಗ ಇನ್ನೊಬ್ಬರು ಬಳಸಿ, ಅದರ ಹಕ್ಕುದಾರರು ಬಂದ ಕೂಡಲೇ ಬಿಟ್ಟುಕೊಡುವುದು.

ಭೂಕಂಪವಾಗಿ ಟವರುಗಳು ಉರುಳಿವೆ ಅಂದುಕೊಳ್ಳಿ. ಉಳಿದವುಗಳ ಮೇಲೆ ಕರೆಗಳ ಒತ್ತಡ ಜಾಸ್ತಿ. ರಕ್ಷಣಾ ತಂಡದ ರೇಡಿಯೋ ಒಂದೊಂದಾಗಿ ಚಾನೆಲ್‌ಗಳನ್ನು ಆಲಿಸುತ್ತದೆ. ಒಂದು ಟಿವಿ ಚಾನೆಲ್ ಖಾಲಿ ಸಿಕ್ಕರೆ ಅದರಲ್ಲೇ ಮಾತು, ಚಿತ್ರ ಕಳಿಸುತ್ತದೆ. ನಡುನಡುವೆ ಸುಮ್ಮನಾಗಿ ಮತ್ತೆ ಆಲಿಸುತ್ತದೆ. ಹಕ್ಕುದಾರರ ಸಿಗ್ನಲ್ ಕೇಳಿಸಿದರೆ ಬೇರೆ ಚಾನೆಲ್‌ಗೆ ಹೋಗುತ್ತದೆ. ಖಾಲಿ ಟಿವಿ ಚಾನೆಲ್‌ಗಳಿಗಾಗಿಯೇ 2011ರಲ್ಲಿ ಬಂದ, ಎಂಜಿನಿಯರುಗಳ ಸಂಸ್ಥೆ ಐಇಇಇಯ 802.22 ಮಾನದಂಡದಲ್ಲಿ ಹಕ್ಕುದಾರರ ಸಿಗ್ನಲ್ ಗುರುತಿಸಲು ಇರುವ ಗಡುವು 2 ಸೆಕೆಂಡು. ಇಷ್ಟೆಲ್ಲ ನಡೆಯುವಾಗ ಯಾರೂ ಯಾರಿಗೂ ಏನನ್ನೂ ಹಂಚಿ ಕೊಟ್ಟಿಲ್ಲ. ‘ತಂಡಕ್ಕೆ ತರಂಗಾಂತರ ಹಂಚಿಕೆಯಾಯಿತು’ ಎಂದು ಬರೆದರೆ ಎಲ್ಲಿಂದಲೋ ಆದೇಶ ಹೊರಟಿತು ಅಂತಲೇ ಓದುಗರು ತಿಳಿಯುತ್ತಾರೆ, ಅಲ್ವಾ?

‘ಹಂಚಿಕೊಳ್ಳುವಿಕೆ’ ಅರ್ಥಕ್ಕೆ ಸರಿ. ಆ ‘ಕೊಳ್ಳು’ ಸೇರಿದ್ದರಿಂದಲೇ ಗೊಂದಲ ಹೋಗುತ್ತದೆ. ಆದರೆ ತಲೆಬರಹಕ್ಕೆ ಉದ್ದವಾಯಿತು. ‘ಕೂಡುಬಳಕೆ’ ಚಿಕ್ಕದು, ಕೇಳಿದ ತಕ್ಷಣ ತಿಳಿಯುತ್ತದೆ. ‘ತರಂಗಾಂತರದ ಕೂಡುಬಳಕೆ’ ನನಗೆ ತುಂಬಾ ಹಿಡಿಸಿದೆ. ಒಂದೇ ಅನುಮಾನ. ಇಬ್ಬರಿಗೂ ಸಮಾನ ಹಕ್ಕಿದೆ ಅನ್ನುವ ಧ್ವನಿ ಅದರಲ್ಲಿ ಬರುತ್ತದೆಯೇ? ಇಲ್ಲಿ ಹಕ್ಕುದಾರರೇ ಮೊದಲು, ಉಳಿದವರು ಆಮೇಲೆ.

ಇನ್ನು ‘ಕಾಗ್ನಿಟಿವ್ ರೇಡಿಯೋ’, ಅಂದರೆ ಮೇಲೆ ಹೇಳಿದ ತಂಡದ ಬಳಿ ಇರುವಂಥ ರೇಡಿಯೋ. 1999ರ ಹೊತ್ತಿಗೆ ಸಂಶೋಧಕ ಜೋಸೆಫ್ ಮಿಟೋಲಾ ಬಳಕೆಗೆ ತಂದ ಹೆಸರು ಇದು. ‘ಸಂಜ್ಞಾನಾತ್ಮಕ’ ಬಾಯಿಗೆ ಹತ್ತುವುದಿಲ್ಲ. ‘ಅರಿವಿನ ರೇಡಿಯೋ’ ಚೆಂದ, ಆದರೆ ಜನಜಾಗೃತಿ ಕಾರ್ಯಕ್ರಮದ ಬಾನುಲಿ ಕೇಂದ್ರ ಅನ್ನಿಸಿಬಿಡುತ್ತದೆ. ಇಂಗ್ಲಿಷಿನ ಹೆಸರನ್ನೇ ಇಟ್ಟುಕೊಂಡು, ಮೊದಲ ಸಲ ಬಂದಾಗ ‘ಸುತ್ತಲಿನ ಸಿಗ್ನಲ್ ಅರಿತು ತನ್ನನ್ನು ಬದಲಿಸಿಕೊಳ್ಳುವ ರೇಡಿಯೋ’ ಅಂತ ಬಿಡಿಸಿ ಹೇಳುವುದೇ ವಾಸಿ.

ಸಂಪರ್ಕ ಕ್ಷೇತ್ರದಲ್ಲಿ ಇರುವವರಿಗೆ ಒಂದು ಕೋರಿಕೆ. ‘ಕೂಡುಬಳಕೆ’ ಅಂತ ಓದಿದ ತಕ್ಷಣ ನಿಮಗೆ ಏನು ಹೊಳೆಯಿತು, ದಯವಿಟ್ಟು ಬರೆಯಿರಿ. ಹಕ್ಕುದಾರರು ಮೊದಲು ಅನ್ನುವುದನ್ನೂ ಹೇಳುವ ಪದ ಸಿಕ್ಕರೆ ಅದನ್ನೇ ಹಾಕುತ್ತೇನೆ.