ಅಪ್‌ಡೇಟ್: ಸ್ಟಾರ್ಟ್ ಆಗದ ಲ್ಯಾಪ್‌ಟಾಪ್‌ನಿಂದ ಫೈಲ್‌ಗಳು ಸಿಕ್ಕವು
ಲೋಗೋ ತೋರಿಸಿ ಅಲ್ಲೇ ನಿಂತುಬಿಡುವ ಲ್ಯಾಪ್‌ಟಾಪ್‌ನಿಂದ ಅಕ್ಕನ ಮದುವೆ ಫೋಟೋ ತೆಗೆಯುವುದು ಹೇಗೆ ಅಂತ ಕೇಳಿದ್ದೆನಲ್ಲ, ಎಲ್ಲಾ ಸಿಕ್ಕಿದವು!

ನೀವು ಹೇಳಿದ ಹಾಗೆ ಗೆಳೆಯನ ಕಂಪ್ಯೂಟರ್‌ನಲ್ಲಿ ಪೆನ್‌ಡ್ರೈವ್‌ಗೆ ಉಬುಂಟು (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಹಾಕಿ, ನನ್ನ ಲ್ಯಾಪ್‌ಟಾಪ್ ಅನ್ನು ಅದರಿಂದಲೇ ಬೂಟ್ ಮಾಡಿದೆ. ಇನ್‌ಸ್ಟಾಲ್ ಒತ್ತಲಿಲ್ಲ, 'ಟ್ರೈ' ಅಷ್ಟೇ. ಡಿಸ್ಕ್ ಕಾಣಿಸಿತು, ಕ್ಲಿಕ್ ಮಾಡಿದರೆ ಪಾಸ್‌ವರ್ಡ್ ಕೇಳಿತು. ಬಿಟ್‌ಲಾಕರ್, ಅಂದರೆ ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆ! ನಾನಂತೂ ಅದನ್ನು ಆನ್ ಮಾಡಿರಲಿಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗೇ ಆನ್ ಆಗುತ್ತದಂತೆ. ಅದೇ ಖಾತೆಯಲ್ಲಿ 48 ಅಂಕಿಯ ರಿಕವರಿ ಕೀ ಇತ್ತು. ಫೋನ್‌ನಲ್ಲಿ ನೋಡಿಕೊಂಡು, ನಡುವಿನ ಅಡ್ಡಗೆರೆಗಳ ಸಮೇತ ಟೈಪ್ ಮಾಡಿದೆ. ಫೋಲ್ಡರ್‌ಗಳು ಇದ್ದ ಹಾಗೇ ತೆರೆದುಕೊಂಡವು.

ಎಲ್ಲವನ್ನೂ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿಕೊಂಡೆ. ವಿಡಿಯೋಗಳು ಜಾಸ್ತಿ ಹೊತ್ತು ಹಿಡಿದವು. ಇನ್ನು ಧೈರ್ಯವಾಗಿ ಫಾರ್ಮ್ಯಾಟ್ ಮಾಡಿಸಬಹುದು. ಥ್ಯಾಂಕ್ಸ್!