ಇಕೆಎಸ್‌ನಲ್ಲಿ ಕಾರ್ಪೆಂಟರ್: ಓಡುತ್ತಿರುವ ಕ್ಲಸ್ಟರ್‌ಗೆ ಹೇಗೆ ಹಾಕುವುದು?

ತುಂಗಾತೀರ (ಪ್ರಶ್ನೆ)

ನಮಸ್ಕಾರ. ಮುಂಬೈ ರೀಜನ್‌ನಲ್ಲಿ ಒಂದು ಇಕೆಎಸ್ (ಎಡಬ್ಲ್ಯೂಎಸ್‌ನ ಕುಬರ್ನೆಟೀಸ್ ಸೇವೆ) ಕ್ಲಸ್ಟರ್ ಇದೆ. ಎರಡು ಮ್ಯಾನೇಜ್ಡ್ ನೋಡ್ (ಯಂತ್ರ) ಗ್ರೂಪ್, ಎರಡರಲ್ಲೂ ಎಂ5.ಲಾರ್ಜ್, ಜೊತೆಗೆ ಗ್ರೂಪ್‌ನ ನೋಡ್ ಸಂಖ್ಯೆ ಏರಿಸಿ ಇಳಿಸುವ ಕ್ಲಸ್ಟರ್ ಆಟೋಸ್ಕೇಲರ್. 10 ಜಿಬಿ ಮೆಮೊರಿ ಕೇಳುವ ಪಾಡ್ (ಕಂಟೇನರ್‌ಗಳು ಓಡುವ ಘಟಕ) ಬಂದರೆ ಪೆಂಡಿಂಗ್‌ನಲ್ಲೇ ಕೂರುತ್ತದೆ, 8 ಜಿಬಿ ಯಂತ್ರದಲ್ಲಿ ಅದಕ್ಕೆ ಜಾಗವಿಲ್ಲ. ರಾತ್ರಿ ಲೋಡ್ ಇಳಿದರೂ ಅರ್ಧ ಖಾಲಿ ನೋಡ್‌ಗಳು ಓಡುತ್ತಲೇ ಇರುತ್ತವೆ. ಪ್ರೊಡಕ್ಷನ್ ನಿಲ್ಲಿಸದೆ ಕಾರ್ಪೆಂಟರ್‌ಗೆ (ಪಾಡ್‌ಗೆ ತಕ್ಕ ಯಂತ್ರವನ್ನು ತಾನೇ ಆರಿಸಿ ತರುವ ಆಟೋಸ್ಕೇಲರ್) ಹೋಗುವುದು ಹೇಗೆ? ಅಥವಾ ನೇರ ಇಕೆಎಸ್‌ನ ಆಟೋ ಮೋಡ್ (ನೋಡ್‌ಗಳನ್ನು ಎಡಬ್ಲ್ಯೂಎಸ್ಸೇ ನೋಡಿಕೊಳ್ಳುವುದು) ಆನ್ ಮಾಡಿಬಿಡುವುದೇ ಒಳ್ಳೆಯದಾ? ಒಂದು ಡೇಟಾಬೇಸ್ ಕೂಡ ಕ್ಲಸ್ಟರ್ ಒಳಗೆ ಇಬಿಎಸ್ (ಎಡಬ್ಲ್ಯೂಎಸ್ ಡಿಸ್ಕ್) ಮೇಲಿದೆ.

ಪಾಡ್‌ಪಾಲಕ

ಇನ್‌ಸ್ಟಾಲ್‌ಗೂ ಮುಂಚೆ ಪಾಡ್‌ಗಳ ರಿಕ್ವೆಸ್ಟ್ (ಕಾಯ್ದಿರಿಸಲು ಕೇಳುವ ಸಿಪಿಯು, ಮೆಮೊರಿ) ನೋಡಿಕೊಳ್ಳಿ. ಕಾರ್ಪೆಂಟರ್ ಯಂತ್ರ ಆರಿಸುವುದು ಪೆಂಡಿಂಗ್ ಪಾಡ್‌ಗಳ ರಿಕ್ವೆಸ್ಟ್ ಕೂಡಿಸಿ. ಲಿಮಿಟ್ (ಬಳಕೆಯ ಗರಿಷ್ಠ ಮಿತಿ) ಅದರ ಲೆಕ್ಕಕ್ಕೇ ಬರುವುದಿಲ್ಲ. ನಿಜವಾಗಿ 800 ಮಿಲಿಕೋರ್ ತಿನ್ನುವ ಪಾಡ್‌ಗೆ 100 ಅಂತ ಬರೆದಿದ್ದರೆ ಅದು ನಂಬಿಕೊಂಡು ಒತ್ತೊತ್ತಾಗಿ ತುಂಬುತ್ತದೆ, ಆಮೇಲೆ ಎಲ್ಲವೂ ಒಟ್ಟಿಗೆ ನಿಧಾನವಾಗುತ್ತವೆ. ಮೆಮೊರಿಗಂತೂ ರಿಕ್ವೆಸ್ಟ್, ಲಿಮಿಟ್ ಎರಡೂ ಒಂದೇ ಇಡಿ. ಇಲ್ಲವಾದರೆ ಕನ್ಸಾಲಿಡೇಶನ್ (ಪಾಡ್‌ಗಳನ್ನು ಕಡಿಮೆ ನೋಡ್‌ಗಳಿಗೆ ಒಟ್ಟುಗೂಡಿಸುವುದು) ಆದ ಮೇಲೆ ಓಓಎಂ ಕಿಲ್ (ಮೆಮೊರಿ ಸಾಲದೆ ಪ್ರಕ್ರಿಯೆ ಕೊಲ್ಲುವುದು) ಶುರುವಾಗುತ್ತದೆ.

ಕಾರ್ಪೆಂಟರ್‌ನ ಕಂಟ್ರೋಲರ್‌ಗೆ 2 ನೋಡ್‌ಗಳ ಚಿಕ್ಕ ಮ್ಯಾನೇಜ್ಡ್ ಗ್ರೂಪ್ ಉಳಿಸಿಕೊಳ್ಳಿ, ಅಥವಾ ಫಾರ್ಗೇಟ್ (ನೋಡ್ ನಿರ್ವಹಣೆ ಬೇಡದ ಸೇವೆ) ಕೊಡಿ. ತಾನು ಎಬ್ಬಿಸಿದ ನೋಡ್ ಮೇಲೇ ಅದು ಕೂರಬಾರದು. ಆ ನೋಡ್ ಹೋದರೆ ಹೊಸದನ್ನು ಎಬ್ಬಿಸಲು ಯಾರೂ ಇರುವುದಿಲ್ಲ. ಸಬ್‌ನೆಟ್ ಮತ್ತು ಸೆಕ್ಯುರಿಟಿ ಗ್ರೂಪ್‌ಗೆ ಡಿಸ್ಕವರಿ ಟ್ಯಾಗ್ ಹಾಕಿ, ನೋಡ್ ರೋಲ್‌ಗೆ ಆಕ್ಸೆಸ್ ಎಂಟ್ರಿ (ಕ್ಲಸ್ಟರ್‌ಗೆ ಸೇರುವ ಅನುಮತಿ) ಮಾಡಿ. ಸ್ಪಾಟ್ (ಎಡಬ್ಲ್ಯೂಎಸ್ ಯಾವಾಗ ಬೇಕಾದರೂ ಹಿಂಪಡೆಯುವ ಅಗ್ಗದ ಯಂತ್ರ) ಬಳಸುವುದಾದರೆ ಎಸ್‌ಕ್ಯೂಎಸ್ ಕ್ಯೂ (ಸಂದೇಶಗಳ ಸಾಲು) ಬೇಕೇ ಬೇಕು. 2 ನಿಮಿಷದ ಮುನ್ಸೂಚನೆ ಕಾರ್ಪೆಂಟರ್‌ಗೆ ತಲುಪುವುದು ಅಲ್ಲಿಂದಲೇ.

ನೋಡ್‌ಪೂಲ್ (ಯಾವ ಬಗೆಯ ಯಂತ್ರ ತರಬಹುದು ಎನ್ನುವ ನಿಯಮ) ಒಂದೇ ಸಾಕು. ಸಿ, ಎಂ, ಆರ್ ಮೂರೂ ಕುಟುಂಬ, 4ನೇ ಪೀಳಿಗೆಗಿಂತ ಮೇಲಿನವು, ಆರ್ಕಿಟೆಕ್ಚರ್ ಎಎಂಡಿ64. ಇಮೇಜ್‌ಗಳು ಆರ್ಮ್‌ಗೆ ಬಿಲ್ಡ್ ಆಗಿಲ್ಲದೆ ಆರ್ಮ್ ಸೇರಿಸಿದರೆ ಎಕ್ಸೆಕ್ ಫಾರ್ಮ್ಯಾಟ್ ಎರರ್ ಖಾತ್ರಿ. ಪೂಲ್‌ಗೆ ಸಿಪಿಯು ಲಿಮಿಟ್ ಬರೆಯಲೇಬೇಕು. ಬರೆಯದಿದ್ದರೆ ಮಿತಿಯೇ ಇಲ್ಲ, ರೆಪ್ಲಿಕಾ ಸಂಖ್ಯೆಗೆ ಒಂದು ಸೊನ್ನೆ ಹೆಚ್ಚು ಬಿದ್ದರೆ ಬಿಲ್ ಅದನ್ನೇ ಹಿಂಬಾಲಿಸುತ್ತದೆ. ಎಎಂಐಗೆ (ಯಂತ್ರದ ಇಮೇಜ್) ಲೇಟೆಸ್ಟ್ ಅಂತ ಬಿಡಬೇಡಿ, ವರ್ಶನ್ ಪಿನ್ ಮಾಡಿ. ಹೊಸ ಎಎಂಐ ಬಂದ ದಿನ ಡ್ರಿಫ್ಟ್ (ಸಂರಚನೆಗೆ ಹೊಂದದ ನೋಡ್) ಎಂದು ನೋಡ್‌ಗಳೆಲ್ಲ ಬದಲಾಗತೊಡಗುತ್ತವೆ.

ಇನ್ನು ಸ್ಥಳಾಂತರ. ಆಟೋಸ್ಕೇಲರ್ ರೆಪ್ಲಿಕಾ 0 ಮಾಡಿ. ಒಂದೇ ಪೆಂಡಿಂಗ್ ಪಾಡ್‌ಗೆ ಎರಡೂ ನೋಡ್ ತರಬಾರದು. ಸ್ಟೇಟ್‌ಲೆಸ್ ಸೇವೆಗಳಿರುವ ಹಳೆಯ ನೋಡ್ ಒಂದನ್ನು ಡ್ರೇನ್ ಮಾಡಿ (ಪಾಡ್‌ಗಳನ್ನು ಖಾಲಿ ಮಾಡಿ). ಪಾಡ್‌ಗಳು ಪೆಂಡಿಂಗ್‌ಗೆ ಬಂದಾಗ ಕಾರ್ಪೆಂಟರ್ ಯಂತ್ರ ತರುತ್ತದೆ. ನಂತರ ಗ್ರೂಪ್‌ನ ಡಿಸೈರ್ಡ್ ಸಂಖ್ಯೆಯನ್ನು ಸುಮ್ಮನೆ ಇಳಿಸಬೇಡಿ, ನೀವು ಖಾಲಿ ಮಾಡಿದ ನೋಡೇ ಹೋಗುತ್ತದೆ ಎನ್ನುವ ಖಾತ್ರಿ ಇಲ್ಲ. ಮಿನಿಮಮ್ ಇಳಿಸಿ, ಅದೇ ಇನ್‌ಸ್ಟೆನ್ಸ್ ಐಡಿ ಕೊಟ್ಟು ಆಟೋಸ್ಕೇಲಿಂಗ್‌ನ ಟರ್ಮಿನೇಟ್ ಕಮಾಂಡ್ ಓಡಿಸಿ, ಡಿಸೈರ್ಡ್ ಕಡಿಮೆ ಮಾಡುವ ಆಯ್ಕೆಯನ್ನೂ ಜೊತೆಗೆ ಕೊಡಿ.

ಗಡಿನಾಡ ಎಸ್‌ಆರ್‌ಇ

ಮೇಲಿನದಕ್ಕೆ ಸೇರಿಸುವುದು: ಆರಂಭದಲ್ಲಿ ಕನ್ಸಾಲಿಡೇಶನ್ ಪಾಲಿಸಿ 'ವೆನ್ ಎಂಪ್ಟಿ' ಇರಲಿ, ಕಾಯುವ ಅವಧಿ 5 ನಿಮಿಷ. ರಿಕ್ವೆಸ್ಟ್‌ಗಳ ಮೇಲೆ ನಂಬಿಕೆ ಬಂದ ಮೇಲೆ 'ವೆನ್ ಎಂಪ್ಟಿ ಆರ್ ಅಂಡರ್‌ಯುಟಿಲೈಸ್ಡ್'. ಅರ್ಧ ಖಾಲಿ ನೋಡ್‌ಗಳ ಸಮಸ್ಯೆ ತೀರುವುದು ಆಗಲೇ.

ಹಗಲು ಹೊತ್ತು ನೋಡ್ ಅಲುಗಾಡಬಾರದು ಎಂದರೆ ಡಿಸ್ರಪ್ಷನ್ ಬಜೆಟ್‌ನಲ್ಲಿ (ಒಮ್ಮೆಗೆ ಎಷ್ಟು ನೋಡ್ ತೆಗೆಯಬಹುದು ಎನ್ನುವ ಮಿತಿ) ನೋಡ್ 0, ಶೆಡ್ಯೂಲ್, ಅವಧಿ ಬರೆಯಬಹುದು. ಗಮನಿಸಿ, ಆ ಕ್ರಾನ್ ಯುಟಿಸಿಯಲ್ಲಿ ಓಡುತ್ತದೆ. ನಮ್ಮ ಬೆಳಗ್ಗೆ 9 ಎಂದರೆ ಅಲ್ಲಿ 3:30. ಆದ್ದರಿಂದ '30 3 * * 1-5', ಅವಧಿ 10 ಗಂಟೆ; ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ 7ರ ತನಕ ನೆಮ್ಮದಿ. ಆದರೆ 1.0 ಆವೃತ್ತಿಯಿಂದ ನೋಡ್‌ನ ಆಯುಷ್ಯ ಮುಗಿಯುವುದಕ್ಕೆ ಈ ಬಜೆಟ್ ಅಡ್ಡ ಬರುವುದಿಲ್ಲ. ಡೀಫಾಲ್ಟ್ 720 ಗಂಟೆ, ಅಂದರೆ 30 ದಿನ.

ಪಿಡಿಬಿಗಳನ್ನೂ (ಕನಿಷ್ಠ ಎಷ್ಟು ಪಾಡ್ ಉಳಿಯಬೇಕು ಎನ್ನುವ ನಿಯಮ) ಒಮ್ಮೆ ಜಾಲಾಡಿ. ಒಂದೇ ರೆಪ್ಲಿಕಾ, ಮಿನ್ ಅವೈಲಬಲ್ 1 ಎಂದಿದ್ದರೆ ಆ ನೋಡ್ ಎಂದೂ ಡ್ರೇನ್ ಆಗುವುದಿಲ್ಲ. ಟರ್ಮಿನೇಶನ್ ಗ್ರೇಸ್ ಪೀರಿಯಡ್ ಕೊಟ್ಟರೆ ಅವಧಿ ಮುಗಿದ ಮೇಲೆ ಪಿಡಿಬಿ ಮೀರಿಯೂ ಪಾಡ್ ಎತ್ತಿಹಾಕುತ್ತದೆ, ಹಾಗಾಗಿ ಯೋಚಿಸಿ ಕೊಡಿ. ಡೇಟಾಬೇಸ್ ಹಳೆಯ ಗ್ರೂಪ್‌ನಲ್ಲೇ ಇರಲಿ. ಇಬಿಎಸ್ ವಾಲ್ಯೂಮ್ ಒಂದೇ ಝೋನ್‌ಗೆ ಕಟ್ಟುಬಿದ್ದದ್ದು.

ಆಟೋ ಮೋಡ್ ಬಗ್ಗೆ: 2024ರ ಡಿಸೆಂಬರ್‌ನಲ್ಲಿ ಬಂತು, ಒಳಗೆ ಇರುವುದು ಕಾರ್ಪೆಂಟರೇ, ನಡೆಸುವುದು ಎಡಬ್ಲ್ಯೂಎಸ್. ಹೊಸ ಕ್ಲಸ್ಟರ್ ಆಗಿದ್ದರೆ ನನ್ನ ಆಯ್ಕೆ ಅದೇ. ನಿಮ್ಮ ಕ್ಲಸ್ಟರ್‌ಗೆ ಈಗಲೇ ಬೇಡ ಅನ್ನುತ್ತೇನೆ. ಅದರ ಇಬಿಎಸ್ ಡ್ರೈವರ್ ಬೇರೆ, ಹಳೆಯ ಡ್ರೈವರ್‌ನ ವಾಲ್ಯೂಮ್ ಹಾಗೇ ಮೌಂಟ್ ಆಗುವುದಿಲ್ಲ, ಮೈಗ್ರೇಟ್ ಮಾಡಬೇಕು. ನೋಡ್‌ಗೆ ಎಸ್‌ಎಸ್‌ಎಚ್ ಇಲ್ಲ, ನೋಡ್ ಆಯುಷ್ಯ ಹೆಚ್ಚೆಂದರೆ 21 ದಿನ, ಇಸಿ2 ಬೆಲೆಯ ಮೇಲೆ ಪ್ರತ್ಯೇಕ ಶುಲ್ಕ.

ತುಂಗಾತೀರ

ಇಬ್ಬರಿಗೂ ಧನ್ಯವಾದ. ಸ್ಟೇಜಿಂಗ್‌ನಲ್ಲಿ ಹಾಕಿದೆ. ಇಸಿ2 ಯಂತ್ರ ಏಳುತ್ತದೆ, ಆದರೆ ಕ್ಲಸ್ಟರ್‌ಗೆ ಸೇರುವುದಿಲ್ಲ. ಸುಮಾರು ಕಾಲು ಗಂಟೆಗೆ ಮಾಯ, ಮತ್ತೆ ಹೊಸದು.

ಪಾಡ್‌ಪಾಲಕ

ನೋಡ್‌ಕ್ಲೇಮ್ (ಕಾರ್ಪೆಂಟರ್ ಪ್ರತಿ ಯಂತ್ರಕ್ಕೂ ಇಡುವ ದಾಖಲೆ) ಅನ್ನು ಡಿಸ್ಕ್ರೈಬ್ ಮಾಡಿ. ಲಾಂಚ್ಡ್ ಟ್ರೂ ಇದ್ದು ರಿಜಿಸ್ಟರ್ಡ್ ಆಗದಿದ್ದರೆ ಯಂತ್ರ ಎಪಿಐ ಸರ್ವರ್ ತಲುಪಿಲ್ಲ, ಅಥವಾ ತಲುಪಿದರೂ ಒಳಗೆ ಬಿಟ್ಟಿಲ್ಲ. 15 ನಿಮಿಷ ನೋಡಿ ಕಾರ್ಪೆಂಟರ್ ಅಳಿಸಿ ಮತ್ತೆ ಪ್ರಯತ್ನಿಸುತ್ತದೆ. ಮೊದಲು ಆಕ್ಸೆಸ್ ಎಂಟ್ರಿ ನೋಡಿ: ಇಸಿ2ನೋಡ್‌ಕ್ಲಾಸ್‌ನಲ್ಲಿ (ಯಂತ್ರದ ಎಡಬ್ಲ್ಯೂಎಸ್ ಸೆಟ್ಟಿಂಗ್‌ಗಳು) ಬರೆದ ರೋಲ್‌ಗೇ ಇರಬೇಕು, ಬಗೆ ಇಸಿ2 ಲಿನಕ್ಸ್ ಆಗಿರಬೇಕು. ಅದು ಸರಿಯಿದ್ದರೆ ಟ್ಯಾಗ್ ಬಿದ್ದ ಸಬ್‌ನೆಟ್‌ಗೆ ನ್ಯಾಟ್ ದಾರಿ (ಹೊರಗಿನ ಇಂಟರ್ನೆಟ್‌ಗೆ ಹೋಗುವ ಹಾದಿ) ಇದೆಯೇ ನೋಡಿ. ಕೊನೆಗೆ ಸೆಕ್ಯುರಿಟಿ ಗ್ರೂಪ್.