ಕಾರು ಬಿಟ್ಟು ಯಾವ ಬಸ್ಸು ಹತ್ತಬೇಕು?

ಗುಂಪು: ನಮ್ಮ ಮನೆಯವರು

ತಮ್ಮ (ಬೆಂಗಳೂರು): [ಫಾರ್ವರ್ಡ್ ಫೋಟೋ: ರಸ್ತೆ ತುಂಬ ಕಾರು. ಪಕ್ಕದಲ್ಲಿ ಅಷ್ಟೂ ಜನ ಕೂತ ಒಂದೇ ಬಸ್ಸು. "ಕಾರು ಬಿಡಿ, ಬಸ್ಸು ಹತ್ತಿ"]

ತಮ್ಮ: ಚಿಕ್ಕಪ್ಪಾ, ನೀವು ನೋಡಲೇಬೇಕು. ನಿಮ್ಮ ಮನೆಯಲ್ಲಿ ಮೂರು ಜನ, ಒಂದು ಜೀಪು, ಎರಡು ಸ್ಕೂಟರ್!

ಚಿಕ್ಕಪ್ಪ (ಶನಿವಾರಸಂತೆ, ಕೊಡಗು): ಹತ್ತುತ್ತೇನೆ ಮಾರಾಯ, ಯಾವ ಬಸ್ಸು ಹೇಳು. ಬೆಳಿಗ್ಗೆ ಒಂದು ಹೋಯಿತೆಂದರೆ ಮಧ್ಯಾಹ್ನದವರೆಗೆ ರಸ್ತೆಯಲ್ಲಿ ದನ ಮಾತ್ರ.

ತಮ್ಮ: ಇಲ್ಲಿ ಬೆಳಿಗ್ಗೆ ಒಂದು ಮೆಟ್ರೋ ತಪ್ಪಿದರೆ ಸ್ವಲ್ಪ ಹೊತ್ತಿಗೆ ಇನ್ನೊಂದು. ಆದರೂ ಮೆಜೆಸ್ಟಿಕ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಅತ್ತೆ: ನೂಕಿಕೊಂಡಾದರೂ ಹೋಗುತ್ತೀಯಲ್ಲಪ್ಪ. ಜುಲೈ ಮಳೆಯಲ್ಲಿ ನಮ್ಮ ತೋಟದ ಗೇಟಿನ ಹತ್ತಿರ ನಿಂತು ನೋಡು. ಚಪ್ಪಲಿ ಬಿಚ್ಚಿ ಜಿಗಣೆ ಕೀಳುವಷ್ಟರಲ್ಲಿ ಬಸ್ಸು ತಿರುವು ದಾಟಿರುತ್ತದೆ.

ಅಕ್ಕ (ಮಡಿಕೇರಿ): ಆದರೆ ಅತ್ತೆ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮ್ಮಂಥ ಹೆಂಗಸರಿಗೆ ಬಸ್ಸು ಫ್ರೀ ಅಲ್ವಾ?

ಅತ್ತೆ: ಅದು ಸರ್ಕಾರಿ ಬಸ್ಸಿಗೆ. ನಮ್ಮ ಕಡೆ ಬರುವುದು ಪ್ರೈವೇಟ್. ಆಧಾರ್ ತೋರಿಸಿದರೆ ಕಂಡಕ್ಟರ್ ನಗುತ್ತಾನೆ.

ತಮ್ಮ: ಜನ ಹತ್ತದಿದ್ದರೆ ಸುಮ್ನೆ ಬಸ್ಸು ಬಿಡಲು ಆಗುತ್ತದಾ?

ಚಿಕ್ಕಪ್ಪ: ಉಲ್ಟಾ ಹೇಳ್ತಾ ಇದ್ದೀಯ. ಕಲೆಕ್ಷನ್ ಇಲ್ಲ ಅಂತ ಮೊದಲು ಸಂಜೆ ಆರರ ಟ್ರಿಪ್ ಕಟ್ ಮಾಡಿದರು. ಬೆಳಿಗ್ಗೆ ಹೋದವರು ವಾಪಸ್ ಬರುವುದು ಹೇಗೆ? ಪೇಟೆ ಅಂಗಡಿಗಳಿಗೆ ಕೆಲಸಕ್ಕೆ ಹೋಗುವ ಹುಡುಗಿಯರು ಸಾಲ ಮಾಡಿ ಸ್ಕೂಟಿ ತಗೊಂಡರು. ಈಗ ಬೆಳಗಿನ ಬಸ್ಸೂ ಖಾಲಿ. ನಾಳೆ ಅದನ್ನೂ ನಿಲ್ಲಿಸಿ, ನೋಡಿ ಜನವೇ ಇಲ್ಲ ಅನ್ನುತ್ತಾರೆ.

ನಾನು: ಚಿಕ್ಕಪ್ಪ ಹೇಳುವುದು ಸರಿ. 2011ರ ಜನಗಣತಿಯಲ್ಲಿ ಕೊಡಗಿನಲ್ಲಿ ಚದರ ಕಿಲೋಮೀಟರಿಗೆ 135 ಜನ. ಬೆಂಗಳೂರು ನಗರ ಜಿಲ್ಲೆಯಲ್ಲಿ 4 ಸಾವಿರಕ್ಕೂ ಜಾಸ್ತಿ. ಇಲ್ಲಿ ದೊಡ್ಡ ಬಸ್ಸು ತುಂಬಲಿ ಅಂತ ಕಾದರೆ ಆಗುವ ಮಾತಲ್ಲ. ಮಿನಿ ಬಸ್ಸು ಸಾಕು, ಆದರೆ ಹೇಳಿದ ಹೊತ್ತಿಗೆ ಬರಬೇಕು.

ತಮ್ಮ: ಮಿನಿ ಬಸ್ಸಿಗೂ ಡ್ರೈವರ್ ಸಂಬಳ ಅಷ್ಟೇ ಅಲ್ವಾ. ನಷ್ಟ ಯಾರು ತುಂಬಿಕೊಡುತ್ತಾರೆ?

ಅತ್ತೆ: ನಿಮ್ಮ ಮೆಟ್ರೋ ಕಟ್ಟಿದ್ದು ಟಿಕೆಟ್ ದುಡ್ಡಿನಲ್ಲಾ?

ತಮ್ಮ: ವಸೂಲಿ ನಮ್ಮಿಂದಲೇ ಅತ್ತೆ! 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿ ಮಾಡಿದರು.

ಅಕ್ಕ: ಕೇಂದ್ರ, ರಾಜ್ಯ ಎರಡರ ದುಡ್ಡೂ ಅದರಲ್ಲಿದೆ ಕಣೋ. ಕೊಡಗಿಗೆ ಒಂದು ರೈಲು ಹಳಿಯೂ ಇಲ್ಲ. ಇರುವುದು ಬಸ್ಸೊಂದೇ, ಅದಕ್ಕೂ ಲಾಭ-ನಷ್ಟದ ಲೆಕ್ಕವಾ?

ತಮ್ಮ: ಲೆಕ್ಕ ಬೇಡ ಅಂದಿಲ್ಲ, ಬೇಕು ಅಂತಲೂ ಅಂದಿಲ್ಲ. ಫೋಟೋ ಹಾಕಿದ್ದಷ್ಟೇ 🙏

ಅಕ್ಕ: ಚಿಕ್ಕಪ್ಪಾ, ನಿಮ್ಮ ಕಡೆ ಕಾಲೇಜು ಬಿಡುವುದು ನಾಲ್ಕೂವರೆಗೆ, ಬಸ್ಸು ಹೊರಡುವುದು ನಾಲ್ಕು ಇಪ್ಪತ್ತಕ್ಕೆ ಅಂದಿದ್ದಿರಿ. ಪರ್ಮಿಟ್‌ನ ಟೈಮಿಂಗ್ ಬದಲಿಸಲು ಆರ್‌ಟಿಓ ಆಫೀಸಿಗೆ ಅರ್ಜಿ ಬರೆಯುತ್ತೇನೆ. ಸಹಿ ಹಾಕುವವರು ಇವತ್ತೇ ಹೆಸರು ಕಳಿಸಿ.

ಅತ್ತೆ: ನಮ್ಮ ತೋಟದ ಲೈನ್ ಮನೆಗಳಲ್ಲಿರುವ ಕೆಲಸದವರ ಸಹಿಯೂ ತರುತ್ತೇನೆ. ಅವರೇ ಜಾಸ್ತಿ ನಡೆಯುವುದು.

ಚಿಕ್ಕಪ್ಪ: ನನ್ನ ಹೆಸರು ಮೊದಲು ಬರಿ. ಜೀಪು ಮಾತ್ರ ಮಾರುವುದಿಲ್ಲ.